ಹುಣಸೆಹಣ್ಣು ಹಚ್ಚಿ ತೊಳೆದ ತೋಟಾಗಳು

ಅನನ್ಯಾ, ವಿವೇಕಾ,

ನಿಮ್ಮಮ್ಮ ಶೋಭಾ ಇದನ್ನು ನಿಮಗೆ ಓದಿ ಹೇಳುತ್ತಾಳೆ. ನಡುವೆ ಏನನ್ನಾದರೂ ಹಾರಿಸಲು ನೋಡಿದರೆ ಬಿಡಬೇಡಿ.

ಹೋದ ಭಾನುವಾರ ಊಟಕ್ಕೆ ಕೂತಾಗ ಅನನ್ಯ ನನ್ನನ್ನು ಕೇಳಿದಳು, ಈ ಬೇಸಿಗೆಗೆ ನಾನು ಹಿಂದಿನವರ ಕುರುಹು ಹುಡುಕಿ ನೆಲ ಅಗೆಯುವ ಶಿಬಿರಕ್ಕೆ ಹೋಗುತ್ತೇನೆ, ಅಜ್ಜಿ, ನೀನೂ ಅದೇ ಕೆಲಸ ಮಾಡಿದವಳಂತೆ, ಹೇಗಿತ್ತು ಎಂದು. ನಾನು "ಚೆನ್ನಾಗಿತ್ತು" ಎಂದು ಹೇಳಿ ಮೊಸರು ತರಲು ಎದ್ದುಹೋದೆ. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ, ಮೊದಲಿನಿಂದಲೂ ಹಾಗೆಯೇ. ಬರೆಯಲು ಬರುತ್ತದೆ. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ, ಅಕ್ಷರ ಇನ್ನೂ ದುಂಡಗಿದೆ.

ನಿಮ್ಮ ತಾತ ವಾಲ್ನಟ್ ಕ್ರೀಕ್‌ನ ಒಂದು ಆಫೀಸಿನಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದರು. ಅದೇ ಕಟ್ಟಡದ ಹಿಂಬದಿಯ ಎರಡು ಕೋಣೆಗಳನ್ನು ಮಾರ್ಗರೆಟ್ ಎನ್ನುವವರು ಬಾಡಿಗೆಗೆ ಹಿಡಿದಿದ್ದರು. ಎಲ್ಲಾದರೂ ಹೊಸ ಕಟ್ಟಡ ಬರುವ ಮುಂಚೆ ಆ ನೆಲದಲ್ಲಿ ಹಿಂದಿನವರು ಬಿಟ್ಟುಹೋದದ್ದು ಏನಿದೆ ಎಂದು ನೋಡಿ ವರದಿ ಬರೆದುಕೊಡುವುದು ಅವರ ಕೆಲಸ. ತಾತ ಹೃದಯ ನಿಂತು ತೀರಿಕೊಂಡಾಗ ಶೋಭಾಗೆ ಹದಿಮೂರು ವರ್ಷ. ಅದೇ ವರ್ಷ ಮಾರ್ಗರೆಟ್ ಅವರ ಹತ್ತಿರವಿದ್ದ ಹುಡುಗ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ವೆಬ್‌ಸೈಟು ಮಾಡುವ ಕಂಪನಿಗಳಿಗೆ ಓಡಿಹೋಗಿದ್ದರು. ಆಗ ಈ ಕಡೆಯೆಲ್ಲ ಅದೇ ಭರಾಟೆ. ಮಣ್ಣು ತೊಳೆಯಲು ಅವರಿಗೆ ಯಾರೂ ಸಿಗುತ್ತಿರಲಿಲ್ಲ, ನನಗೆ ಬೇರೆ ಕೆಲಸ ಸಿಗುತ್ತಿರಲಿಲ್ಲ. ತಾತನ ಜೊತೆ ಕೆಲಸ ಮಾಡಿದ್ದ ಒಬ್ಬರು ನನ್ನನ್ನು ಕರೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿದರು. ಮಾರ್ಗರೆಟ್ ನನ್ನ ಇಂಗ್ಲಿಷನ್ನು ಪರೀಕ್ಷೆ ಮಾಡಲಿಲ್ಲ. ಒಂದು ಬೋಗುಣಿ ನೀರು, ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು, ಮಣ್ಣು ಮೆತ್ತಿದ ಗಾಜಿನ ಚೂರುಗಳನ್ನು ಮುಂದಿಟ್ಟು ನೋಡುತ್ತ ಕೂತರು. ಅರ್ಧ ಗಂಟೆ ತೊಳೆದೆ. ನಾಳೆ ಬಾ ಎಂದರು. ಅವರು ಹೇಳಿದ್ದನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸ್ಯಾನ್ ಹೊಸೆಯಲ್ಲಿದ್ದ ಸರೋಜಕ್ಕನಿಗೆ ಫೋನಿನಲ್ಲಿ ಈ ಸುದ್ದಿ ಹೇಳಿದಾಗ ಅವಳು ನಕ್ಕು ನಕ್ಕು ಕೆಮ್ಮಿದಳು. ಹುಬ್ಬಳ್ಳಿಯವಳು, ನನಗಿಂತ ಆರು ವರ್ಷ ದೊಡ್ಡವಳು, ಇಲ್ಲಿ ನನಗಿದ್ದ ಒಬ್ಬಳೇ ಅಕ್ಕ.

"ಏನವಾ ಲಕ್ಷ್ಮಿ, ಅಮೆರಿಕಾಕ್ಕ ಬಂದು ಮಣ್ಣ ತೊಳ್ಯಾಕ ಹೋಗ್ತಿ? ನಿಮ್ಮ ಮಂಡ್ಯಾದಾಗ ಮಣ್ಣ ಇದ್ದಿಲ್ಲೇನು?"

ಮೊದಲ ದೊಡ್ಡ ಕೆಲಸವೇ ಹಳೆಯ ಸೈನಿಕರ ನೆಲ. ವಾಲ್ನಟ್ ಕ್ರೀಕ್‌ನಿಂದ ಕಾರಿನಲ್ಲಿ ಅರ್ಧ ಗಂಟೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊಸ ಸೈನಿಕರನ್ನು ಹಡಗು ಹತ್ತಿಸುವ ಮುಂಚೆ ಕೆಲವು ವಾರ ಅಲ್ಲಿಟ್ಟು ಯುದ್ಧ ಕಲಿಸುತ್ತಿದ್ದರಂತೆ. ಬೆಳೆ ಬೆಳೆಯದ ಮರಳು ಮಿಶ್ರಿತ ನೆಲ, ಮೊಣಕಾಲೆತ್ತರದ ಕುರುಚಲು ಪೊದೆ, ಅದರ ಗಟ್ಟಿ ವಾಸನೆ, ಇಡೀ ದಿನ ಗಾಳಿ. ಮೊದಲ ದಿನ ಸುತ್ತ ನೋಡಿ ಇಲ್ಲಿ ಏನೂ ಇಲ್ಲವಲ್ಲ ಎಂದುಕೊಂಡೆ. ಅನನ್ಯಾ, ನಿನಗೂ ಮೊದಲ ದಿನ ಹಾಗೇ ಅನ್ನಿಸುತ್ತದೆ. ಎರಡು ದಿನ ತಡೆದುಕೋ.

ಕೆಲಸದ ರೀತಿ ಹೀಗಿತ್ತು. ಐದಾರು ಜನ ಸಾಲಾಗಿ, ಒಬ್ಬರಿಗೊಬ್ಬರು ಹತ್ತು ಹೆಜ್ಜೆ ದೂರ ನಿಂತು, ನೆಲ ನೋಡುತ್ತ ನೇರ ನಡೆಯುವುದು. ಏನಾದರೂ ಕಂಡರೆ ಮುಟ್ಟಬಾರದು, ಪಕ್ಕದಲ್ಲಿ ಸಣ್ಣ ಬಾವುಟ ಚುಚ್ಚಬೇಕು. ಅಳತೆ ತೆಗೆಯುವ ಮಿಗೆಲ್ ಬಂದು ಟೇಪು ಹಿಡಿದು, ಅದು ಇರುವ ಜಾಗವನ್ನು ಕಾಗದದ ಮೇಲೆ ಗುರುತು ಮಾಡಿ, ಫೋಟೋ ತೆಗೆದ ಮೇಲೆಯೇ ಎತ್ತುವುದು. ಆಮೇಲಾಮೇಲೆ ಟೇಪು ಹೋಗಿ ಮೂರು ಕಾಲಿನ ಯಂತ್ರ ಬಂತು, ಅದೂ ಹೋಗಿ ಅಂಗೈಯಗಲದ ಯಂತ್ರ ಬಂತು. ಫಿಲಂ ಕ್ಯಾಮೆರಾ ಹೋಯಿತು. ಎತ್ತುವ ಮುಂಚೆ ಗುರುತು ಮಾಡುವುದು ಮಾತ್ರ ಬದಲಾಗಲಿಲ್ಲ.

ನಿಧಾನವಾಗಿ ನನ್ನ ಕಣ್ಣಿಗೆ ನೆಲ ಕಾಣತೊಡಗಿತು. ಒಬ್ಬ ಆಳು ಕುಕ್ಕರುಗಾಲಲ್ಲಿ ಕೂರುವಷ್ಟು ಗುಂಡಿಗಳು, ಅರ್ಧ ಮುಚ್ಚಿಹೋದವು, ಸಾಲು ಸಾಲಾಗಿ. ಅಂಕುಡೊಂಕಾಗಿ ತೋಡಿದ ಕಂದಕ. ಡೇರೆಯ ಗೂಟ, ಬೂಟಿನ ಹಿಮ್ಮಡಿ, ಹಲ್ಲು ಮುರಿದ ಬಾಚಣಿಗೆ, ತುಕ್ಕು ಹಿಡಿದ ಡಬ್ಬ, ಎಲ್ಲೆಲ್ಲೂ ಗುಂಡು ಹಾರಿದ ಮೇಲೆ ಉಳಿದ ಖಾಲಿ ತೋಟಾ. ಹತ್ತೊಂಬತ್ತು ಇಪ್ಪತ್ತು ವರ್ಷದ ಮಕ್ಕಳು ಗಡ್ಡೆ ಅಗೆದ ಹಾಗೆ ನೆಲ ಅಗೆದು, ಅದರಲ್ಲಿ ಕೂತು, ಬಗ್ಗುವುದು ಏಳುವುದು ಕಲಿತು, ಹಡಗು ಹತ್ತಿ ಹೋಗಿದ್ದರು.

ನಾಲ್ಕನೆಯ ದಿನವೇ ನಾನು ನಗೆಪಾಟಲಾದೆ. ಸಿಡಿಯದೆ ಉಳಿದ ಗುಂಡುಗಳು ಇರಬಹುದು, ಉರುಟಾದ ಕಬ್ಬಿಣ ಕಂಡರೆ ಕೂಗು, ಕದಲಬೇಡ ಎಂದು ಬೆಳಿಗ್ಗೆ ಬೆಳಿಗ್ಗೆ ಹೇಳುತ್ತಿದ್ದರು. ಪೊದೆಯ ಬುಡದಲ್ಲಿ ಒಂದು ಉರುಟು ಕಬ್ಬಿಣ ಕಂಡಿತು. ಇಂಗ್ಲಿಷೆಲ್ಲ ಮರೆತುಹೋಗಿ "ಅಯ್ಯಯ್ಯೋ ಬನ್ರಪ್ಪೋ" ಎಂದು ಕೂಗಿ ಒಂದು ಕಾಲು ಎತ್ತಿಕೊಂಡೇ ನಿಂತುಬಿಟ್ಟೆ. ಎಲ್ಲರೂ ಇದ್ದಲ್ಲೇ ನಿಂತರು. ಅದಕ್ಕೆಂದೇ ಇದ್ದ ಒಬ್ಬರು ಯಂತ್ರ ಹಿಡಿದು ನಿಧಾನ ಬಂದು, ಮಲಗಿ, ಊದಿ ನೋಡಿದರು. ಬಾಗಿಲಿನ ಹಿಡಿ. ಮಿಗೆಲ್ ಅಂದಿನಿಂದ ನಾನು ಯಾವ ಬಾಗಿಲು ತೆರೆದರೂ ಎರಡು ಹೆಜ್ಜೆ ಹಿಂದೆ ಸರಿದು ಕಿವಿ ಮುಚ್ಚಿಕೊಳ್ಳುತ್ತಿದ್ದ.

ಅದೇ ವಾರ ಇನ್ನೊಂದಾಯಿತು. ಕಂದಕದ ಒಂದು ತುದಿ ಎಲ್ಲಿ ಹೋಯಿತೆಂದು ಅವರು ಹುಡುಕುತ್ತಿದ್ದರು. ನನಗೆ ದಿಬ್ಬದ ಮೇಲಿನಿಂದ ಪೊದೆಗಳ ನಡುವೆ ಒಂದು ಹಸಿರು ಗೆರೆ ಕಾಣುತ್ತಿತ್ತು. ನಮ್ಮೂರಲ್ಲಿ ಹಳೆಯ ತಿಪ್ಪೆಗುಂಡಿ ಮುಚ್ಚಿದ ಜಾಗದಲ್ಲಿ ಹತ್ತು ವರ್ಷವಾದರೂ ಪೈರು ಕಡು ಹಸಿರಾಗಿ ಬರುತ್ತದೆ, ಸಡಿಲ ಮಣ್ಣಿನಲ್ಲಿ ನೀರು ನಿಲ್ಲುತ್ತದಲ್ಲ. ಎರಡು ದಿನ ಬಾಯಿಬಿಡಲಿಲ್ಲ. ಓದಿದವರಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು ಎಂದು. ಮೂರನೆಯ ದಿನ ಮಾರ್ಗರೆಟ್ ಅವರ ತೋಳು ಮುಟ್ಟಿ ಬೆರಳು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಮಿಗೆಲ್‌ನನ್ನು ಕರೆದು, ಆ ಗೆರೆಯ ಉದ್ದಕ್ಕೂ ನನ್ನನ್ನೇ ಬಾವುಟ ಚುಚ್ಚಲು ಕಳಿಸಿದರು. ಕಂದಕ ಅಲ್ಲೇ ಇತ್ತು. ಅವರು ಹೊಗಳಲಿಲ್ಲ. "ಎರಡು ದಿನದ ಹಿಂದೆ ಯಾಕೆ ಹೇಳಲಿಲ್ಲ?" ಎಂದರು ಅಷ್ಟೇ. ಅವರು ಹಾಗೆಯೇ. ಎತ್ತರದ ಒಣಕಲು ಹೆಂಗಸು, ಸೀಸದಕಡ್ಡಿಯನ್ನು ಜಡೆಯಲ್ಲಿ ಸಿಕ್ಕಿಸಿಕೊಂಡು ಮರೆತು ಊರೆಲ್ಲ ಹುಡುಕುವವರು. ಯಾರ ಮೇಲೂ ದನಿಯೆತ್ತಿದ್ದು ನಾನು ಕಂಡಿಲ್ಲ. ಆದರೆ ವರದಿಯಲ್ಲಿ ಸುಳ್ಳು ಅಳತೆ ಬರೆದ ಒಬ್ಬ ಹುಡುಗನನ್ನು, ನಾನು ಸೇರುವ ಸ್ವಲ್ಪ ಮುಂಚೆ, ಅದೇ ದಿನ ಮನೆಗೆ ಕಳಿಸಿದ್ದರು ಎಂದು ಮಿಗೆಲ್ ಹೇಳಿದ್ದ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ.

ಒಂದು ಗುಂಡಿಯ ಮೂಲೆಯಲ್ಲಿ ಇಪ್ಪತ್ತಮೂರು ಖಾಲಿ ತೋಟಾ ಒಂದೇ ಮುದ್ದೆಯಾಗಿ ಸಿಕ್ಕವು. ಹಿತ್ತಾಳೆಯ ಮೇಲೆ ದಪ್ಪ ಹಸಿರು ಕಿಲುಬು. ಮಿಗೆಲ್ ಅವನ್ನು ಬಿಡಿಸಿ ಒಂದು ತಟ್ಟೆಯಲ್ಲಿ ಜೋಡಿಸಿ ನನ್ನ ಮೇಜಿನ ಮೇಲಿಟ್ಟ. ಮಾರನೆಯ ದಿನ ಶುಕ್ರವಾರ, ಆ ನೆಲ ಕೊಂಡು ಆಫೀಸು ಕಟ್ಟಲಿದ್ದ ಕಂಪನಿಯವರು ಸಿಕ್ಕ ವಸ್ತುಗಳನ್ನು ನೋಡಲು ಬರುವವರಿದ್ದರು. ಮಾರ್ಗರೆಟ್ ಬಯಲಿಗೆ ಹೊರಡುತ್ತ, ನಾಳೆ ಜನ ಬರುತ್ತಾರೆ, ತಟ್ಟೆಗಳನ್ನು ಶುಚಿ ಮಾಡಿಡು ಎಂದರು.

ಲೋಹಕ್ಕೆ ನೀರು ಸೋಕಿಸಬಾರದು, ಒಣ ಬ್ರಷ್ಷಿನಲ್ಲಿ ಮಣ್ಣು ಕೊಡವಬೇಕು, ಅಷ್ಟೇ. ಇದನ್ನು ಬರೆದು ಗೋಡೆಯ ಮೇಲೆ ಅಂಟಿಸಿದ್ದರು. ನನಗೆ ಗೊತ್ತಿತ್ತು, ಗೊತ್ತಿರಲಿಲ್ಲ ಎಂದು ಬರೆಯಲಾರೆ. ಆದರೆ ಮನೆಗೆ ನೆಂಟರು ಬರುವಾಗ ಕಿಲುಬು ಹಿಡಿದ ಹಿತ್ತಾಳೆಯನ್ನು ಯಾರಾದರೂ ಮುಂದಿಡುತ್ತಾರೆಯೇ? ನಮ್ಮಮ್ಮ ಹಬ್ಬದ ಹಿಂದಿನ ದಿನ ಚೊಂಬು, ಹರಿವಾಣ, ದೀಪಾಲೆ ಕಂಬ ಎಲ್ಲ ಹಿತ್ತಲಿಗೆ ಹಾಕಿ ಉಜ್ಜಲು ಕೂರುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವಳು ಹುಣಸೆಹಣ್ಣು, ಉಪ್ಪು ಕಟ್ಟಿಕೊಂಡು ಬಂದೆ. ಒಂದೊಂದನ್ನೇ ಹಿಡಿದು ಉಜ್ಜಿದೆ. ಕೆಲವುಗಳ ಕಿಲುಬಿನಲ್ಲಿ ದಾರದಂಥದ್ದೇನೋ ಹೂತುಕೊಂಡಿತ್ತು. ಕಸ ಅಂಟಿದೆ ಎಂದು ಅಲ್ಲಿ ಇನ್ನಷ್ಟು ಬಲವಾಗಿ ಉಜ್ಜಿದೆ. ಸಂಜೆಗೆ ಇಪ್ಪತ್ತಮೂರೂ ಚಿನ್ನದ ಹಾಗೆ ಹೊಳೆದವು. ಬಿಳಿ ಬಟ್ಟೆ ಹಾಸಿ ನಿಲ್ಲಿಸಿ, ಎರಡು ಸಲ ಹಿಂದಿರುಗಿ ನೋಡಿ ಮನೆಗೆ ಹೋದೆ.

ಬಂದ ಕಂಪನಿಯವರು ಟೀ ಶರ್ಟು ಹಾಕಿದ್ದ ಇಬ್ಬರು ಎಳೆಯರು. ಬೇರೆ ಏನನ್ನೂ ನೋಡದೆ ಹೊಳೆಯುವ ತೋಟಾಗಳ ಮುಂದೆಯೇ ನಿಂತರು, ಇವು ಹೊಸವೇ ಎಂದು ಕೇಳಿದರು. ಮಾರ್ಗರೆಟ್ ತಟ್ಟೆ ನೋಡಿದರು, ನನ್ನನ್ನು ನೋಡಿದರು. "ಲಕ್ಷ್ಮಿ ಬಹಳ ಶ್ರಮಪಟ್ಟು ತೊಳೆದಿದ್ದಾರೆ" ಎಂದು ಹೇಳಿ ಅವರನ್ನು ಮುಂದಿನ ಮೇಜಿಗೆ ಕರೆದೊಯ್ದರು. ಪರರ ಮುಂದೆ ಅವರು ನನ್ನನ್ನು ಬಿಟ್ಟುಕೊಡಲಿಲ್ಲ. ಅದನ್ನು ಇವತ್ತಿಗೂ ನೆನೆಯುತ್ತೇನೆ.

ಅವರು ಹೋದ ಮೇಲೆ ಮಾರ್ಗರೆಟ್ ಭೂತಗನ್ನಡಿ ಹಿಡಿದು ಒಂದೊಂದೇ ತೋಟಾ ತಿರುಗಿಸಿ ನೋಡಿದರು. ಆಮೇಲೆ ಬಯಲಿನಲ್ಲಿ ತೆಗೆದ ಫೋಟೋ ತೋರಿಸಿದರು. ಅದರಲ್ಲಿ ಒಂದು ತೋಟಾದ ಮೇಲೆ ಬಟ್ಟೆಯ ಅಚ್ಚಿನಂಥ ಗುರುತು, ಸ್ಪಷ್ಟವಿಲ್ಲ. ಹಿತ್ತಾಳೆಯ ಕಿಲುಬು ತನ್ನನ್ನು ತಾಕಿಕೊಂಡಿರುವ ಬಟ್ಟೆಯ ಎಳೆಯನ್ನು ಕೊಳೆಯಲು ಬಿಡದೆ ಉಳಿಸುತ್ತದೆ, ಬಟ್ಟೆ ಹೋದರೂ ಅದು ಉಳಿದಿರುತ್ತದೆ ಎಂದು ವಿವರಿಸಿದರು. ಗುಂಡು ಹಾರಿಸುವುದು ಮುಗಿದ ಮೇಲೆ ಸೈನಿಕರು ಖಾಲಿ ತೋಟಾಗಳನ್ನೆಲ್ಲ ಆರಿಸಿ ವಾಪಸು ಕೊಡಬೇಕಿತ್ತಂತೆ. ಇಪ್ಪತ್ತಮೂರು ಒಂದು ಬಟ್ಟೆಯಲ್ಲಿ ಸುತ್ತಿ ಮೂಲೆಯಲ್ಲಿ ಹೂತಿದ್ದರೆ ಒಬ್ಬ ಹುಡುಗ ಬೇಕೆಂದೇ ಬಚ್ಚಿಟ್ಟದ್ದು. ಬಟ್ಟೆಯಿಲ್ಲದಿದ್ದರೆ ಹಾರಿಸಿದಲ್ಲೇ ಬಿದ್ದದ್ದು. ಫೋಟೋದಿಂದ ಅದನ್ನು ಹೇಳಲಾಗದು.

"ತೊಳೆಯುವಾಗ ದಾರ ಏನಾದರೂ ಕಂಡಿತ್ತಾ?" ಎಂದು ಕೇಳಿದರು.

ಶೋಭಾಳ ಶಾಲೆ, ಬಾಡಿಗೆ ಮನೆ, ಸುಳ್ಳು ಬರೆದು ಹೋದ ಹುಡುಗ, ಎಲ್ಲ ಒಟ್ಟಿಗೆ ತಲೆಗೆ ಬಂತು. ನೀರು ಸೋಕಿಸಿದ ತಪ್ಪೇ ಸಾಲದೆ, ಕಂಡ ಮೇಲೂ ಉಜ್ಜಿದೆ ಎಂದರೆ ಇನ್ನು ಯಾಕೆ ಇಟ್ಟುಕೊಳ್ಳುತ್ತಾರೆ?

"ಇಲ್ಲ" ಎಂದೆ.

ಸರಿ ಎಂದು ಹೇಳಿ ಅವರು ಅದನ್ನೇ ಪುಸ್ತಕದಲ್ಲಿ ಬರೆದುಕೊಂಡರು.

ಶನಿವಾರ ಸರೋಜಕ್ಕ ದಿನಸಿಗೆ ಕರೆದುಕೊಂಡು ಹೋಗಲು ಕಾರು ತಂದಳು. ಫ್ರೀವೇಯಲ್ಲಿ ಗಾಡಿಗಳು ಇರುವೆ ಸಾಲಿನ ಹಾಗೆ ನಿಂತಿದ್ದವು. ಎಲ್ಲ ಹೇಳಿಕೊಂಡೆ.

"ಅಷ್ಟಕ್ಕ ಅಳ್ತಾರೇನ? ಅಕಿ ನಿನ್ನ ಮಾತ ನಂಬ್ಯಾಳ. ಬರಕೊಂಡೂ ಆತು. ಇನ್ನ ಬಾಯಿ ತಗೀಬ್ಯಾಡ" ಎಂದಳು ಸರೋಜಕ್ಕ.

"ನಂಬಿದ್ರಲ್ಲ, ಅದೇ ಕಣಕ್ಕ ಸಂಕಟ."

"ಸಂಕಟಾ ಎರಡ ದಿನ ಇರ್ತದ. ಕೆಲಸ ಹೋದ್ರ ವರ್ಷಾನಗಟ್ಲೆ ಇರ್ತದ. ಆ ದಾರ ಯಾರಿಗಿ ಬೇಕಾಗ್ಯಾದ ಹೇಳ್ ನೋಡೂಣು?"

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದಳು. ಆದರೆ ಭಾನುವಾರ ಬಟ್ಟೆ ಮಡಿಚುತ್ತಿದ್ದಾಗ ಶೋಭಾಳ ಕಾಲುಚೀಲ ಕೈಗೆ ಬಂತು, ಅದರ ಹೆಣಿಗೆ ಬೆರಳಿಗೆ ತಾಕಿತು. ನಾನು ಉಜ್ಜಿದ್ದು ನೇಯ್ದ ಬಟ್ಟೆಯಾಗಿರಲಿಲ್ಲ, ಹೆಣೆದದ್ದು. ಸರಪಳಿಯ ಹಾಗೆ ಕುಣಿಕೆ ಕುಣಿಕೆಯಾಗಿತ್ತು. ಊರ ಶಾಲೆಯಲ್ಲಿ ಟೀಚರಮ್ಮ ಕೂಸಿನ ಕುಲಾವಿ ಹೆಣೆಯಲು ಕಲಿಸಿದ್ದರು, ಆ ಕುಣಿಕೆ ನನ್ನ ಬೆರಳಿಗೆ ಗೊತ್ತು. ಯಾವನೋ ಒಬ್ಬ ಹುಡುಗ ತನ್ನ ಕಾಲುಚೀಲ ಬಿಚ್ಚಿ ಅದರಲ್ಲಿ ತೋಟಾ ತುಂಬಿ ಹೂತಿದ್ದ. ಮನೆಯಲ್ಲಿದ್ದ ತಮ್ಮನಿಗೆ ಕೊಡಬೇಕೆಂದಿದ್ದನೋ ಏನೋ. ತೆಗೆದುಕೊಂಡು ಹೋಗಲು ಆಗಲಿಲ್ಲ. ಅವನ ಆ ಕೆಲಸ ಲೋಕದಲ್ಲಿ ಈಗ ನನಗೊಬ್ಬಳಿಗೇ ಗೊತ್ತು. ಪುಸ್ತಕದಲ್ಲಿ ಇಲ್ಲ ಎಂದು ಬರೆಸಿ ಬಂದಿದ್ದೇನೆ.

ಶೋಭಾಳನ್ನು ಕೂರಿಸಿಕೊಂಡು, ನಾಳೆ ನನ್ನ ಕೆಲಸ ಹೋಗಬಹುದು ಎಂದು ಹೇಳಿದೆ. ಯಾಕೆಂದೂ ಹೇಳಿದೆ. ಅವಳು ಆಗಲೇ ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಅಂದು ಮಾತ್ರ "ಹೇಳು ಅಮ್ಮ" ಎಂದು ಕನ್ನಡದಲ್ಲಿ ಹೇಳಿದಳು. ಶೋಭಾ, ನಿನಗೆ ಅದು ನೆನಪಿಲ್ಲದಿದ್ದರೂ ಇಲ್ಲಿ ಬರೆದಿಡುತ್ತೇನೆ.

ಸೋಮವಾರ ಎಂಟಕ್ಕೆ ಮುಂಚೆಯೇ ಹೋದೆ. ಮಾರ್ಗರೆಟ್ ಕಾಫಿ ಹಿಡಿದು ನಿಂತಿದ್ದರು. ದಾರಿಯುದ್ದಕ್ಕೂ ಉರು ಹೊಡೆದ ಇಂಗ್ಲಿಷನ್ನು ಒಪ್ಪಿಸಿದೆ.

"ದಾರ ಇತ್ತು. ನೋಡಿದೆ. ಕಸ ಎಂದು ಉಜ್ಜಿದೆ. ಶುಕ್ರವಾರ ಸುಳ್ಳು ಹೇಳಿದೆ."

ಅವರು ಲೋಟ ಕೆಳಗಿಟ್ಟರು. "ಎಷ್ಟು ತೋಟಾಗಳ ಮೇಲಿತ್ತು?"

"ಎಂಟೋ ಒಂಬತ್ತೋ."

"ಎಂಟಾ? ಒಂಬತ್ತಾ?"

"ಗೊತ್ತಿಲ್ಲ."

"ಹಾಗಿದ್ದರೆ ಎಂಟು ಅಥವಾ ಒಂಬತ್ತು ಎಂದೇ ಬರೆಯೋಣ" ಎಂದು ಜಡೆಯಲ್ಲಿದ್ದ ಸೀಸದಕಡ್ಡಿ ತೆಗೆದರು.

ಕಂಡದ್ದನ್ನು ಚಿತ್ರ ಬರೆದು ತೋರಿಸಲು ಹೇಳಿದರು. ಕುಣಿಕೆಗಳನ್ನು ಬರೆದೆ. ಅವರು ಎದ್ದುಹೋಗಿ ಒಂದು ಕರವಸ್ತ್ರ, ಗೋಣಿಯ ತುಂಡು, ಮಿಗೆಲ್‌ನ ಕಾರಿನಲ್ಲಿದ್ದ ಒಂದು ಉಣ್ಣೆಯ ಕಾಲುಚೀಲ ತಂದು ಏನೂ ಹೇಳದೆ ಸಾಲಾಗಿ ಇಟ್ಟರು. ನಾನು ಕಾಲುಚೀಲ ಮುಟ್ಟಿದೆ. ಕುಣಿಕೆ ಇದಕ್ಕಿಂತ ದಪ್ಪವೋ ಸಣ್ಣವೋ, ಎಳೆ ಯಾವ ಕಡೆಗೆ ಓಡಿತ್ತು, ಬಣ್ಣ ಉಳಿದಿತ್ತೇ, ಎಷ್ಟು ಹುಣಸೆಹಣ್ಣು, ಎಷ್ಟು ಹೊತ್ತು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಗೊತ್ತಿಲ್ಲ ಎಂದಾಗಲೆಲ್ಲ ಗೊತ್ತಿಲ್ಲ ಎಂದೇ ಬರೆದರು. ಶುಕ್ರವಾರ ಬರೆದದ್ದನ್ನು ಅಳಿಸಲಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸೋಮವಾರದ ತಾರೀಖು ಹಾಕಿದರು.

ಎಲ್ಲ ಮುಗಿದರೂ ನಾನು ಏಳಲಿಲ್ಲ. ನನ್ನ ಕೆಲಸ, ಎಂದು ಅರ್ಧ ಕೇಳಿದೆ.

"ನಾನು ಹೇಳುವವರೆಗೆ ಲೋಹ ಮುಟ್ಟಬೇಡ" ಎಂದರು. "ಮೂರನೆಯ ಡಬ್ಬದಲ್ಲಿ ಗಾಜು ಇದೆ, ಶುರು ಮಾಡು."

ಗಾಜು ತೊಳೆದೆ. ಬೂಟಿನ ಚರ್ಮ, ಪಿಂಗಾಣಿ ಚೂರು, ಬಾಟಲಿ, ಮತ್ತೆ ಗಾಜು. ಲೋಹದ ತಟ್ಟೆಗಳು ನನ್ನ ಮುಂದೆಯೇ ಬೇರೆ ಮೇಜಿಗೆ ಹೋಗುತ್ತಿದ್ದವು. ಮಿಗೆಲ್ ಒಂದು ದಿನ, ಲಕ್ಷ್ಮಿ, ನನ್ನ ಕಾರು ಬಹಳ ಮಂಕಾಗಿದೆ, ಆ ಹುಳಿ ಸ್ವಲ್ಪ ತಂದುಕೊಡು ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೊಳಗೆ ನಾಚಿಕೆಯಿತ್ತು. ಮಾರ್ಗರೆಟ್ ನನ್ನನ್ನು ಇಟ್ಟುಕೊಂಡದ್ದು ಪಾಪ ಎಂದೋ, ನನ್ನ ಮೇಲೆ ನಂಬಿಕೆ ಇನ್ನೂ ಇದೆ ಎಂದೋ, ಕೇಳುವ ಧೈರ್ಯವಿರಲಿಲ್ಲ.

ಚಳಿಗಾಲ ಕಳೆದು ಬಯಲಿನ ಪೊದೆಗಳು ಹೂಬಿಡುವ ಹೊತ್ತಿಗೆ ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ತಟ್ಟೆಯಿತ್ತು. ಸೈನಿಕರ ಅಂಗಿಯ ಹಿತ್ತಾಳೆ ಗುಂಡಿಗಳು, ಕಿಲುಬಿನ ಜೊತೆಗೇ. ಮೇಲೊಂದು ಒಣ ಬ್ರಷ್ಷು. ಮಾರ್ಗರೆಟ್ ಬೆನ್ನು ತಿರುಗಿಸಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದರು, ತಿರುಗಿ ನೋಡಲಿಲ್ಲ. ನಾನು ಕೂತು ಬ್ರಷ್ಷು ಎತ್ತಿಕೊಂಡೆ. ಅಂದು ಮಧ್ಯಾಹ್ನದವರೆಗೆ ನಾಲ್ಕು ಗುಂಡಿ ಮಾತ್ರ ಮುಗಿಸಿದೆ. ಯಾರೂ ಅವಸರ ಮಾಡಲಿಲ್ಲ.

ಆ ಆಫೀಸು ಕಟ್ಟಡ ಏಳಲೇ ಇಲ್ಲ, ಕಂಪನಿಯೇ ಮುಚ್ಚಿಹೋಯಿತು. ಓಡಿಹೋಗಿದ್ದ ಹುಡುಗರಲ್ಲಿ ಇಬ್ಬರು ವಾಪಸು ಬಂದು ನನ್ನ ಪಕ್ಕ ಕೂತು ಮಣ್ಣು ತೊಳೆದರು. ನಾನು ಮಂಡಿ ಸೋಲುವವರೆಗೆ ಅಲ್ಲೇ ಇದ್ದೆ. ಆ ಸಂಬಳದಲ್ಲಿ ಶೋಭಾ ಓದಿದಳು. ಮಾರ್ಗರೆಟ್ ಈಗಿಲ್ಲ. ಅವರಿಗೆ ನಾನು ಎಂದೂ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಲಿಲ್ಲ, ಹೇಳಿದ್ದರೆ ಯಾಕೆ ಎಂದು ಕೇಳಿಬಿಡುತ್ತಿದ್ದರೇನೋ.

ಆ ನೆಲದ ವರದಿ ಅಚ್ಚಿಗೆ ಹೋಗುವ ಮುಂಚೆ ಅವರು ಒಂದು ಪುಟ ಹಿಡಿದು ನನ್ನ ಹತ್ತಿರ ಬಂದಿದ್ದರು. ತೋಟಾಗಳನ್ನು ಹುಳಿ ಹಚ್ಚಿ ತೊಳೆದದ್ದರಿಂದ ಬಟ್ಟೆಯ ಗುರುತು ನಾಶವಾಯಿತು, ತೊಳೆದವರು ಎಂಟು ಅಥವಾ ಒಂಬತ್ತರ ಮೇಲೆ ಹೆಣಿಗೆಯ ಕುಣಿಕೆಗಳನ್ನು ಕಂಡಿದ್ದಾರೆ, ಕಾಲುಚೀಲ ಇರಬಹುದು, ಎಂದು ಅದರಲ್ಲಿತ್ತು. ಜೊತೆಗೆ ನಾನು ಬರೆದ ಚಿತ್ರ. ನಿನ್ನ ಹೆಸರು ಹಾಕಲೋ, ಕೆಲಸಗಾರರೊಬ್ಬರು ಎಂದು ಬರೆಯಲೋ ಎಂದು ಕೇಳಿದರು. ಹೆಸರೇ ಹಾಕಿ ಎಂದೆ. ಆ ಹುಡುಗನ ಕಾಲುಚೀಲ ಕಂಡವರು ಯಾರು ಎಂದು ಯಾರಾದರೂ ಕೇಳಿದರೆ ಒಬ್ಬರು ಇರಬೇಕಲ್ಲ.

ನನ್ನ ಹೆಸರು ಅಚ್ಚಾದದ್ದು ಜೀವನದಲ್ಲಿ ಅದೊಂದೇ ಕಡೆ. ಆ ವರದಿಯ ಪ್ರತಿ ನನ್ನ ಬೀರುವಿನ ಕೆಳಗಿನ ಖಾನೆಯಲ್ಲಿದೆ, ಈ ಹಾಳೆಗಳನ್ನೂ ಅದರೊಳಗೇ ಇಡುತ್ತೇನೆ. ಮಕ್ಕಳೇ, ಎರಡನ್ನೂ ಬೇರೆ ಮಾಡದೆ ಇಟ್ಟುಕೊಳ್ಳಿ. ಗರಾಜಿಗೆ ಹಾಕಬೇಡಿ, ಅಲ್ಲಿ ತೇವವಾಗುತ್ತದೆ.

ನಿಮ್ಮ ಅಜ್ಜಿ,
ಲಕ್ಷ್ಮಿ